ಮೇಲಿನ ಪೋರ್ಶನ್ ಖಾಲಿ ಇದೆ, ರೀ

ಕನ್ನಡದಲ್ಲಿ ಏನಾದರೂ ಸಿಗದಿದ್ದರೆ ‘ಇಲ್ಲ’ ಎನ್ನುತ್ತೇವೆ. ತೆಲುಗಿನಲ್ಲಿ ಮನೆಗೆ ‘ಇಲ್ಲು’ ಎನ್ನುತ್ತಾರೆ. ಇವೆರಡಕ್ಕೂ ಸಂಬಂಧವಿಲ್ಲ ಎಂದು ಭಾಷಾ ಪಂಡಿತರು ವಾದಿಸಬಹುದು. ಅವರು ಸ್ವಂತ ಮನೆಯಲ್ಲಿರುವವರು. ಹೈದರಾಬಾದಿನಲ್ಲಿ ಬಾಡಿಗೆಗೆ ಮನೆ ಹುಡುಕಿದವನಿಗೆ ಎರಡೂ ಒಂದೇ ಧಾತುವಿನಿಂದ ಹುಟ್ಟಿದವು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಈ ಊರಿಗೆ ಬಂದ ಹೊಸದರಲ್ಲಿ ಹಿಮಾಯತ್‌ನಗರದ ಒಂದು ಗೇಟಿನ ಮುಂದೆ ನಿಂತು, ಮನೆ ಇದೆಯಾ ಎಂದು ವಾಚ್‌ಮನ್ನನನ್ನು ಕೈಸನ್ನೆಯಲ್ಲಿ ಕೇಳಿದ್ದೆ. ಅವನು ನಗುಮುಖದಿಂದ ‘ಇಲ್ಲು ಉಂದಿ, ಇಲ್ಲು ಉಂದಿ’ ಎಂದು ಎರಡು ಸಲ ಹೇಳಿದ. ಮನೆ ಇದೆ, ಬಾ ಎಂದು ಅವನ ಅರ್ಥ. ಒಂದು ಸಲ ಇಲ್ಲ ಅಂದರೆ ಸಾಲದೇ, ಅದೂ ನಕ್ಕು ಹೇಳಬೇಕೇ ಎಂದು ನಾನು ಮುಖ ಊದಿಸಿಕೊಂಡು ಹೊರಟು ಬಂದೆ. ಆ ಮನೆ ನಮ್ಮ ಆಫೀಸಿನಿಂದ ನೂರು ಹೆಜ್ಜೆ, ಬಾಡಿಗೆ ಈಗ ನಾನು ಕೊಡುವುದರ ಅರ್ಧ. ಈಗಲೂ ಆ ಗೇಟಿನ ಮುಂದೆ ಹಾಯುವಾಗ ವಾಚ್‌ಮನ್ ನನ್ನನ್ನು ನೋಡಿ ನಗುತ್ತಾನೆ. ನಾನು ರಸ್ತೆ ದಾಟಿ ಆ ಕಡೆಯ ಫುಟ್‌ಪಾತಿಗೆ ಹೋಗುತ್ತೇನೆ.

ಇನ್ನೊಂದು ವಿಷಯವನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನಗೆ ಅಣಕಿಸುವ ಚಟ ಇದೆ. ಒಬ್ಬ ಮನುಷ್ಯನ ಜೊತೆ ಹತ್ತು ನಿಮಿಷ ಕೂತರೆ ಅವನ ದನಿ, ಕೆಮ್ಮು, ಮೂಗೆಳೆಯುವ ರೀತಿ ಎಲ್ಲ ನನ್ನ ಗಂಟಲಿಗೆ ಬಂದು ಕೂರುತ್ತವೆ. ಬಾಗಲಕೋಟೆಯಲ್ಲಿ ಓದುವಾಗ ಹೆಡ್‌ಮಾಸ್ತರರ ದನಿಯಲ್ಲಿ ಕಿಟಕಿಯಾಚೆ ನಿಂತು ಪಕ್ಕದ ಕ್ಲಾಸಿಗೆ ಅರ್ಧ ದಿನ ರಜೆ ಕೊಟ್ಟಿದ್ದೆ. ಅವರೆಲ್ಲ ಮನೆಗೆ ಹೋದರು, ನಾನೊಬ್ಬ ಬೆಂಚಿನ ಮೇಲೆ ನಿಂತೆ. ನನ್ನ ಮದುವೆಯಲ್ಲಿ ಭಟ್ಟರು ಎಲೆಯಡಿಕೆ ಹಾಕಿಕೊಳ್ಳಲು ಮಂತ್ರ ನಿಲ್ಲಿಸಿದಾಗ, ಮಂಟಪ ಸುಮ್ಮನಿರಬಾರದೆಂದು ನಾನೇ ಅವರ ದನಿಯಲ್ಲಿ ಎರಡು ಸಾಲು ಮುಂದುವರಿಸಿದೆ. ಮಾವನವರು ಭಕ್ತಿಯಿಂದ ಅಕ್ಷತೆ ಹಾಕಿದರು. ಆ ಎರಡು ಸಾಲು ನಮ್ಮೂರಿನ ಬಸ್ಸಿನ ವೇಳಾಪಟ್ಟಿ ಎಂಬುದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಂಡತಿ ಚಂದ್ರಿಕಾಗೆ ಗೊತ್ತು. ಅವಳು ಮೈಸೂರಿನವಳು. ನಗುತ್ತಲೇ ಚುಚ್ಚುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ‘ಮದುವೆ ಆಗಿದ್ದು ಒಬ್ಬರನ್ನ, ಸಂಸಾರ ಮಾಡ್ತಿರೋದು ಹನ್ನೆರಡು ಜನರ ಜೊತೆ’ ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ.

ನಾವಿರುವುದು ಹಿಮಾಯತ್‌ನಗರದ ಒಂದು ಹಳೆಯ ಗಲ್ಲಿಯ ಮನೆಯ ಮೊದಲನೇ ಮಹಡಿಯಲ್ಲಿ. ಕೆಳಗೆ ಓನರು ಯಾದಗಿರಿ ಸಾರ್ ಮತ್ತು ಅವರ ಹೆಂಡತಿ ಸುಗುಣಮ್ಮ. ನಮ್ಮ ತಲೆಯ ಮೇಲೆ, ಎರಡನೇ ಮಹಡಿಯಲ್ಲಿ, ಎಂಟು ತಿಂಗಳಿಂದ ಯಾರೂ ಇಲ್ಲ. ಯಾದಗಿರಿ ಸಾರ್ ಕುಷಾಯಿಗೂಡದ ಕಡೆ ಒಂದು ದೊಡ್ಡ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಕೆಟ್ಟ ಮನುಷ್ಯರಲ್ಲ. ನಮ್ಮ ಗ್ಯಾಸ್ ಸಿಲಿಂಡರ್ ಬಂದರೆ ಅವರೇ ಇಳಿಸಿಕೊಂಡು ಕಾಯುತ್ತಾರೆ. ಆದರೆ ಅವರ ತೆಲುಗಿನಲ್ಲಿ ಪ್ರತಿ ಮಾತಿನ ಕೊನೆಗೂ ಒಂದು ‘ಗದಾ’ ಇರುತ್ತದೆ. ನಮ್ಮ ‘ಅಲ್ವಾ’ ಇದ್ದ ಹಾಗೆ ಅದು, ಏನೂ ಅಪಾಯವಿಲ್ಲ ಎನ್ನುತ್ತಾರೆ. ಬಾಡಿಗೆದಾರನ ಕಿವಿಗೆ ಮಾತ್ರ ಅದು ಭೀಮಸೇನನ ಕೈಯಲ್ಲಿರುವ ಗದೆಯೇ. ‘ನೀರಿನ ಬಿಲ್ ಜಾಸ್ತಿ ಬಂದಿದೆ ಗದಾ’ ಎಂದರೆ ತೊಡೆ ತಡವಿಕೊಳ್ಳಬೇಕು ಅನಿಸುತ್ತದೆ. ಅವರ ಮಾತನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತೇನೆ, ಗದೆಯನ್ನು ಮಾತ್ರ ಅವರ ಕೈಯಲ್ಲೇ ಬಿಟ್ಟಿದ್ದೇನೆ.

ನನ್ನ ಹೆಸರು ಸಂಗನಬಸವರಾಜ. ಅಗ್ರಿಮೆಂಟಿನಲ್ಲಿ ಅದು ಬರೆಯುವಷ್ಟರಲ್ಲಿ ಸಾಲು ಮುಗಿದು ಕೆಳಗಿನ ಸಾಲಿಗೆ ಇಳಿದಿತ್ತು. ಯಾದಗಿರಿ ಸಾರ್ ಎರಡು ದಿನ ಪ್ರಯತ್ನಪಟ್ಟರು. ‘ಸಂಗನ…’ ಎಂದು ಶುರುಮಾಡಿ ಉಸಿರು ಸಾಲದೆ ಬಿಟ್ಟರು. ಮೂರನೆಯ ದಿನ ಚಂದ್ರಿಕಾ ಬಾಲ್ಕನಿಯಿಂದ ‘ರೀ, ರೀ, ಹಾಲು ತನ್ನಿ’ ಎಂದು ಕೂಗಿದ್ದು ಅವರ ಕಿವಿಗೆ ಬಿತ್ತು. ಆಹಾ, ಮನೆಯಲ್ಲಿ ಕರೆಯುವ ಹೆಸರು ಇದು ಎಂದು ಅವರಿಗೆ ಬಹಳ ಸಮಾಧಾನವಾಯಿತು. ಅಂದಿನಿಂದ ನಾನು ‘ರೀಗಾರು’. ತೆಲುಗಿನಲ್ಲಿ ಗೌರವಕ್ಕೆ ‘ಗಾರು’ ಸೇರಿಸುತ್ತಾರೆ. ಹಾಗಾಗಿ ಒಂದು ಹೆಸರಿಲ್ಲದಿದ್ದರೂ ಎರಡು ಗೌರವ ಸಿಕ್ಕಿದವು. ತಿದ್ದಲು ಹೋಗಲಿಲ್ಲ. ಓನರು ತಪ್ಪು ಹೆಸರಿನಲ್ಲಿ ಪ್ರೀತಿಯಿಂದ ಕರೆಯುವುದು, ಸರಿಯಾದ ಹೆಸರಿನಲ್ಲಿ ನೋಟಿಸು ಕೊಡುವುದಕ್ಕಿಂತ ಮೇಲು.

ಈಗ ನಮ್ಮ ಗಲ್ಲಿಯ ಸ್ಥಿತಿ ಕೇಳಿ. ಈ ತುದಿಯಿಂದ ಆ ತುದಿಗೆ ನಡೆದರೆ ಹದಿನೇಳು ಟು-ಲೆಟ್ ಬೋರ್ಡುಗಳು. ಒಂದು ಬೋರ್ಡಿನ ಹಿಂದೆ ಗುಬ್ಬಿ ಗೂಡು ಕಟ್ಟಿ, ಮರಿ ಮಾಡಿ, ಮರಿಗಳೂ ರೆಕ್ಕೆ ಬಲಿತು ಹಾರಿಹೋದವು. ಮೊದಲು ಒಂದು ತಿಂಗಳ ಬಾಡಿಗೆಯನ್ನೇ ಕಮಿಷನ್ ಕೇಳುತ್ತಿದ್ದ ಬ್ರೋಕರು ಈಗ ತಾನೇ ಚಹಾ ಕುಡಿಸಿ ಮನೆ ತೋರಿಸುತ್ತಾನೆ. ಸಂತೆಯಲ್ಲಿ ಬದನೆಕಾಯಿ ಉಳಿದರೆ ಸಂಜೆಯ ಹೊತ್ತಿಗೆ ಬೆಲೆ ಇಳಿಯುತ್ತದೆ. ಮನೆ ಬದನೆಕಾಯಿಗಿಂತ ಮಾನವಂತ ವಸ್ತು, ಉಳಿದಷ್ಟೂ ಅದಕ್ಕೆ ಬಿಗುಮಾನ ಜಾಸ್ತಿ. ಹದಿನೇಳು ಓನರುಗಳೂ ಬೆಳಿಗ್ಗೆ ಒಂದೇ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಅಲ್ಲಿ ಒಬ್ಬ ದರ ಇಳಿಸಿದನೆಂದು ಗೊತ್ತಾದರೆ ಮರುದಿನ ಯಾರೂ ಅವನಿಗೆ ನಮಸ್ಕಾರ ಹೇಳುವುದಿಲ್ಲವಂತೆ. ಊರ ಹೊರಗೂ ಇದೇ ಕಥೆ. ನಮ್ಮ ಆಫೀಸಿನ ದಾಮೋದರ ಲಿಂಗಂಪಲ್ಲಿಯ ಆಚೆ ಆಕಾಶ ಮುಟ್ಟುವ ಕಟ್ಟಡದಲ್ಲಿ ಬಾಡಿಗೆಗಿದ್ದಾನೆ. ‘ಇನ್ನು ಎರಡೇ ಫ್ಲಾಟ್ ಬಾಕಿ’ ಎಂಬ ಬ್ಯಾನರ್ ಅಲ್ಲಿ ಎರಡು ವರ್ಷದಿಂದ ಇದೆ. ಬಿಸಿಲಿಗೆ ಬಣ್ಣ ಹೋಯಿತೆಂದು ಹೊಸದು ಕಟ್ಟಿಸಿದರು, ಹೊಸದರಲ್ಲೂ ಎರಡೇ ಬಾಕಿ. ಸಂಜೆ ದೀಪ ಹತ್ತುವುದು ಐದೋ ಆರೋ ಕಿಟಕಿಗಳಲ್ಲಿ. ಲಿಫ್ಟಿನಲ್ಲಿ ಇನ್ನೊಬ್ಬ ಮನುಷ್ಯ ಸಿಕ್ಕರೆ ದಾಮೋದರ ಸಂತೋಷಕ್ಕೆ ಊಟಕ್ಕೇ ಕರೆಯುತ್ತಾನೆ. ಅವನ ಓನರು ಹೋದ ತಿಂಗಳು ಬಾಡಿಗೆ ಏರಿಸಿದರು. ಕಾರಣ: ‘ಇಷ್ಟು ಶಾಂತ ವಾತಾವರಣ ಎಲ್ಲಿ ಸಿಗುತ್ತೆ?’

ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟು ಎರಡನೇ ಸಲ ಮುಗಿಯುತ್ತ ಬಂದಾಗ ಯಾದಗಿರಿ ಸಾರ್ ಮೇಲೆ ಬಂದರು. ನಾವು ಕೊಡುತ್ತಿದ್ದದ್ದು ಇಪ್ಪತ್ತು ಸಾವಿರ. ಇನ್ನು ಮುಂದೆ ಇಪ್ಪತ್ಮೂರು ಎಂದರು. ಮಾರ್ಕೆಟ್ ಬಿದ್ದಿದೆ ಎಂದು ಎಲ್ಲರೂ ಹೇಳುತ್ತಿದ್ದಾರಲ್ಲ ಎಂದು ಚಂದ್ರಿಕಾ ಮೆಲ್ಲಗೆ ಕೇಳಿದಳು.

“ಬಿದ್ದಿದೆ ಗದಾ, ಅದಕ್ಕೇ,” ಎಂದರು ಯಾದಗಿರಿ ಸಾರ್. “ಮೇಲಿನ ಪೋರ್ಶನ್ ಎಂಟು ತಿಂಗಳಿಂದ ಖಾಲಿ. ಆ ನಷ್ಟ ಯಾರು ತುಂಬಬೇಕು?”

ನಾನು ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಎಂದು ನೋಡಿದೆ. ಇರಲಿಲ್ಲ. ಅಂದರೆ, ನಾವಿರುವ ಮನೆಗೊಂದು ಬಾಡಿಗೆ, ಯಾರೂ ಇಲ್ಲದ ಮನೆಗೆ ಸ್ವಲ್ಪ ಬಾಡಿಗೆ. ನಮ್ಮ ತಲೆಯ ಮೇಲೆ ಯಾರೂ ದಬದಬ ಓಡಾಡದಿರುವುದಕ್ಕೆ ನಾವೇ ದುಡ್ಡು ಕೊಡಬೇಕು. ನಾನು ‘ಯೋಚನೆ ಮಾಡ್ತೀವಿ ಸಾರ್’ ಎಂದೆ. ಓನರುಗಳ ಎದುರು ನನ್ನ ಬಾಯಿಂದ ಬರುವ ಅತಿ ಖಾರವಾದ ಮಾತು ಅದು.

ಯೋಚನೆ ಮಾಡಲು ಏನೂ ಇರಲಿಲ್ಲ. ಚಂದ್ರಿಕಾ ಪಾಠ ಮಾಡುವ ಶಾಲೆ ಎರಡು ಗಲ್ಲಿ ಆಚೆ, ನನ್ನ ಆಫೀಸು ಹತ್ತು ನಿಮಿಷದ ನಡಿಗೆ. ಇದನ್ನು ಬಿಟ್ಟರೆ ನಮ್ಮ ಸಂಬಳಕ್ಕೆ ದಕ್ಕುವುದು ದಾಮೋದರನ ನೆರೆಹೊರೆಯೇ. ದಿನಾ ಎರಡು ಹೊತ್ತು ರೈಲಿನಲ್ಲಿ ಒಂಟಿಕಾಲಲ್ಲಿ ನಿಲ್ಲಬೇಕು. ‘ಲಿಂಗಂಪಲ್ಲಿಗೆ ಹೋಗೋದಾದ್ರೆ ನೀವು ಹೋಗಿ. ಹನ್ನೆರಡು ಜನಾನೂ ಕರ್ಕೊಂಡು ಹೋಗಿ’ ಎಂದಳು ಚಂದ್ರಿಕಾ. ಆ ಮಾತೇ ನನಗೆ ದಾರಿ ತೋರಿಸಿತು. ನಿಜ, ನನ್ನ ಹತ್ತಿರ ಹನ್ನೆರಡು ಜನ ಇದ್ದಾರೆ. ಅವರೆಲ್ಲ ಇಷ್ಟು ದಿನ ಪುಕ್ಕಟೆ ಉಂಡುಕೊಂಡು ಕೂತಿದ್ದಾರೆ. ಈಗ ದುಡಿಯಲಿ.

ಗೇಟಿನ ಬೋರ್ಡಿನ ಮೇಲೆ ಇದ್ದದ್ದು ಕೆಳಗಿನ ಮನೆಯ ಲ್ಯಾಂಡ್‌ಲೈನ್ ನಂಬರು. ಮೊಬೈಲಿಗೆ ಪೋಲಿಗಳು ಮಾಡುತ್ತಾರೆ, ಲ್ಯಾಂಡ್‌ಲೈನಿಗೆ ಮರ್ಯಾದಸ್ಥರು ಮಾಡುತ್ತಾರೆ ಎಂಬುದು ಯಾದಗಿರಿ ಸಾರ್ ನಂಬಿಕೆ. ಯಾರ ನಂಬರಿನಿಂದ ಬಂತು ಎಂದು ತೋರಿಸುವ ಕಿಟಕಿ ಆ ಹಳೆಯ ಫೋನಿಗೆ ಇಲ್ಲ. ನನ್ನ ಉಪಾಯ ಇಷ್ಟೇ: ಮೇಲಿನ ಪೋರ್ಶನ್ನಿಗೆ ಅವರು ಹೇಳುವ ಬಾಡಿಗೆ ಇಪ್ಪತ್ತೆರಡು ಸಾವಿರ. ಬೇರೆ ಬೇರೆ ಜನರ ದನಿಯಲ್ಲಿ ಫೋನ್ ಮಾಡಿ, ಒಬ್ಬೊಬ್ಬರೂ ಹದಿನೇಳಕ್ಕಿಂತ ಒಂದು ಪೈಸೆ ಹೆಚ್ಚು ಕೊಡುವುದಿಲ್ಲ ಎನ್ನಬೇಕು. ವಾರವಿಡೀ ಅದನ್ನೇ ಕೇಳಿದ ಮೇಲೆ, ಪಾರ್ಕಿನ ಮಾತಿಗಿಂತ ಫೋನಿನ ಮಾತು ನಿಜ ಅನಿಸಿ, ನಮ್ಮ ಬಾಡಿಗೆ ಏರಿಸಲು ಅವರ ನಾಲಿಗೆ ಏಳಬಾರದು.

ಮೊದಲು ಕಣಕ್ಕಿಳಿದವರು ಉತ್ತರದ ರಿಟೈರ್ಡ್ ಕರ್ನಲ್ ಸಾಹೇಬರು. ಅಡುಗೆಮನೆಯಲ್ಲಿ ನಿಂತು ಡಯಲ್ ಮಾಡಿದೆ. ನನ್ನ ಕಿವಿಯಲ್ಲಿ ರಿಂಗಾಯಿತು, ನನ್ನ ಕಾಲಡಿಯಲ್ಲೂ ರಿಂಗಾಯಿತು. ಯಾದಗಿರಿ ಸಾರ್ ‘ಹಲೋ’ ಎಂದದ್ದು ಒಮ್ಮೆ ಫೋನಿನಿಂದ, ಒಮ್ಮೆ ಕಿಟಕಿಯಿಂದ, ಹೀಗೆ ಎರಡು ಸಲ ಕೇಳಿಸಿತು. ಕರ್ನಲ್ ಮೀಸೆ ತಿರುವಿದ ಹಾಗೆ ಗಂಟಲು ತಿರುವಿ, ಫೌಜಿನ ಹಿಂದಿಯಲ್ಲಿ, ಮಾರ್ಕೆಟ್ ಕುಸಿದಿದೆ, ಹದಿನೇಳು ಎಂದು ಗುಡುಗಿದರು. ಅಷ್ಟರಲ್ಲಿ ಚಂದ್ರಿಕಾಳ ಕುಕ್ಕರು ಕೂಗಿತು. ಅದೇನು ಸದ್ದು ಎಂದರು ಯಾದಗಿರಿ ಸಾರ್. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿದ್ದೇನೆ, ಗಾಡಿ ಹೊರಟಿತು ಎಂದರು ಕರ್ನಲ್. ಕುಕ್ಕರು ಮತ್ತೆರಡು ಸಲ ಕೂಗಿತು. ‘ಬಹಳ ಗಾಡಿ ಬಿಡ್ತಾ ಇದ್ದಾರೆ ಗದಾ’ ಎಂದು ಯಾದಗಿರಿ ಸಾರ್ ರೈಲ್ವೆಯನ್ನು ಮೆಚ್ಚಿಕೊಂಡರು. ಕೊನೆಗೆ ಕರ್ನಲ್ ‘ಇತನಾ ನಹೀ ಹೋತಾ, ರೀ. ಸೋಚಿಯೇ, ರೀ’ ಎಂದು ಫೋನಿಟ್ಟರು.

ಬೇಳೆ ಕಡೆಯುತ್ತಿದ್ದ ಚಂದ್ರಿಕಾ ತಲೆ ಎತ್ತದೆ ಕೇಳಿದಳು: “ಕರ್ನಲ್ ಸಾಹೇಬ್ರದು ಯಾವ ರೆಜಿಮೆಂಟು? ಬಾಗಲಕೋಟೆದಾ?”

“ಯಾಕ?”

“ಮಾತಿಗೊಂದು ‘ರೀ’ ಅಂತಿದ್ರಲ್ಲ.”

“ನಾ ಎಲ್ಲಿ ‘ರೀ’ ಅಂದೀನ್ರಿ,” ಎಂದೆ. ಹೆದರಿದಾಗ ಹೆಂಡತಿಗೂ ‘ರಿ’ ಹಚ್ಚಿ ಮಾತಾಡುವುದು ನಮ್ಮ ಕಡೆಯ ಪದ್ಧತಿ. ಅವಳು ಬೇಳೆಯನ್ನು ಸ್ವಲ್ಪ ಜೋರಾಗಿ ಕಡೆದಳು.

ಆಮೇಲೆ ತಮಿಳು ಆಡಿಟರ್ ಒಬ್ಬರು ಮಾತಾಡಿದರು. ಅವರು ಬೋರ್ಡುಗಳ ಲೆಕ್ಕ, ಗಲ್ಲಿಯ ಅಗಲ, ನಲ್ಲಿಯ ವಯಸ್ಸು ಎಲ್ಲ ಕೂಡಿ ಕಳೆದು ಹದಿನೇಳಕ್ಕೆ ತಂದು ನಿಲ್ಲಿಸಿದರು. ಮೂರನೆಯವರು ಪುಣೆಯ ಕಡೆಯ ಕುಸುಮತಾಯಿ, ರಿಟೈರ್ಡ್ ಟೀಚರು. ಹೆಣ್ಣುದನಿಯಲ್ಲಿ ನನಗೆ ಸ್ವಲ್ಪ ಹೆಮ್ಮೆ ಇದೆ. ಯಾದಗಿರಿ ಸಾರ್ ಕುಸುಮತಾಯಿಯ ಜೊತೆ ಎಷ್ಟು ಮೃದುವಾಗಿ ಮಾತಾಡಿದರೆಂದರೆ ಸುಗುಣಮ್ಮ ಬಂದು ಫೋನು ಕಸಿದುಕೊಂಡರು. ಆಮೇಲೆ ಆ ಇಬ್ಬರು ಹೆಂಗಸರೂ, ಅಂದರೆ ಸುಗುಣಮ್ಮ ಮತ್ತು ನಾನು, ಇಪ್ಪತ್ತು ನಿಮಿಷ ಹೋಳಿಗೆಯ ವಿಷಯ ಮಾತಾಡಿದೆವು. ಕಣಕ ಎಷ್ಟು ಹೊತ್ತು ನೆನೆಯಬೇಕು ಎಂಬ ಬಗ್ಗೆ ನಮ್ಮವ್ವ ಹೇಳುವುದನ್ನೆಲ್ಲ ಮರಾಠಿಯ ರಾಗದಲ್ಲಿ ಹೇಳಿಕೊಟ್ಟೆ. ಮರುದಿನ ಕೆಳಗಿನಿಂದ ಹೋಳಿಗೆಯ ಘಮ ಬಂತು. ನಮಗೆ ಕಳಿಸಲಿಲ್ಲ. ನಾಲ್ಕನೆಯವರು ಹಳೇ ಶಹರದ ನವಾಬರ ವಂಶಸ್ಥರು. ದಖ್ಖನಿ ಉರ್ದುವಿನಲ್ಲಿ ಬೇಡ ಎನ್ನಲು ಹೇಳುವ ‘ನಕ್ಕೋ’ ನಮ್ಮ ಕಡೆಯೂ ಇರುವುದರಿಂದ ಆ ಪಾತ್ರ ತವರಿಗೆ ಹೋದಷ್ಟು ಸಲೀಸಾಯಿತು. ‘ಇತ್ತಾ ನಕ್ಕೋ, ರೀ’ ಎಂದು ನವಾಬರು ನಿಟ್ಟುಸಿರಿಟ್ಟಾಗ ನನಗೇ ಕಣ್ಣು ಒದ್ದೆಯಾಯಿತು.

ಭಾನುವಾರ ಬೆಳಿಗ್ಗೆ ಯಾದಗಿರಿ ಸಾರ್ ಮೇಲೆ ಬಂದರು. ಕೈಯಲ್ಲಿ ಒಂದು ತಟ್ಟೆ ತುಂಬ ಸಕಿನಾಲು, ಅಕ್ಕಿಹಿಟ್ಟಿನ ಬಳೆಗಳಂಥ ತೆಲಂಗಾಣದ ಕುರುಕಲು ತಿಂಡಿ. ಓನರು ತಿಂಡಿ ತಂದರೆ ಒಳ್ಳೆಯ ಸುದ್ದಿ ಇರಬೇಕೆಂದು ನನ್ನ ಎದೆ ಹಿಗ್ಗಿತು. ಅವರು ಕುರ್ಚಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು.

“ರೀಗಾರು, ನೀವು ದೊಡ್ಡ ಮನುಷ್ಯರು ಗದಾ.”

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಬಿಡಲಿಲ್ಲ.

“ಒಂದು ವಾರದಲ್ಲಿ ನಾಲ್ಕು ಫೋನ್. ನಾಲ್ಕು ಜನವೂ ನಿಮ್ಮ ಹೆಸರನ್ನೇ ಹೇಳಿದರು. ಅಷ್ಟು ಆಗಲ್ಲ, ರೀ. ಸ್ವಲ್ಪ ನೋಡಿ, ರೀ. ಆ ಕರ್ನಲ್ ಸಾಬ್ ಅಂತೂ ಮಾತಿಗೊಮ್ಮೆ ನಿಮ್ಮನ್ನೇ ನೆನೆಸಿಕೊಂಡರು. ನಮ್ಮ ಮನೆಗೆ ಜನ ಸಿಗಲಿ ಅಂತ ಯಾರಿಗೂ ಹೇಳದೆ ಊರೆಲ್ಲ ಓಡಾಡಿದ್ದೀರಿ.”

ಅಡುಗೆಮನೆಯಲ್ಲಿ ಸೌಟು ಕೆಳಗೆ ಬಿದ್ದ ಸದ್ದಾಯಿತು. ಚಂದ್ರಿಕಾ ಅದನ್ನು ಎತ್ತಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡಳು. ನಾನು ಸಕಿನಾಲು ಕಡಿದೆ. ಬಾಯಲ್ಲಿ ಕರಕರ ಸದ್ದಿರುವಾಗ ಯಾರೂ ಉತ್ತರ ಕೇಳುವುದಿಲ್ಲ. ಯಾದಗಿರಿ ಸಾರ್ ಮುಂದುವರಿಸಿದರು. ಪಾರ್ಕಿನವರ ಮಾತು ಕೇಳಿ ತಾವು ಮೋಸಹೋದರಂತೆ. ಮಿಲಿಟರಿಯವರು, ಲೆಕ್ಕದವರು, ಮೇಷ್ಟ್ರಮ್ಮ, ನವಾಬರು ಎಲ್ಲರೂ ಹದಿನೇಳು ಎಂದ ಮೇಲೆ ಹದಿನೇಳೇ ಸತ್ಯವಂತೆ. ಮಾರ್ಕೆಟ್ ನಿಜವಾಗಿ ಬಿದ್ದಿದೆ ಎಂದು ಅವರಿಗೆ ಮನವರಿಕೆಯಾಗಿದೆಯಂತೆ. ನನಗೆ ಎದ್ದು ಕುಣಿಯಬೇಕು ಅನಿಸಿತು. ನಾಲ್ಕು ಜನರೂ ಒಟ್ಟಿಗೆ ನನ್ನೊಳಗೆ ಚಪ್ಪಾಳೆ ಹೊಡೆದರು. ಮೇಲಿನ ಪೋರ್ಶನ್ನನ್ನು ಹದಿನೇಳಕ್ಕೇ ಇಟ್ಟಿದ್ದೇನೆ, ನಾಲ್ವರಲ್ಲಿ ಯಾರು ಮೊದಲು ಬಂದರೆ ಅವರಿಗೆ ಎಂದರು ಯಾದಗಿರಿ ಸಾರ್.

“ಹಾಗಾದರೆ ನಮ್ಮದು ಸಾರ್?” ಎಂದಳು ಚಂದ್ರಿಕಾ ಬಾಗಿಲಲ್ಲಿ ನಿಂತು.

“ನಿಮ್ಮದು ಇಪ್ಪತ್ತೈದು ಆಗುತ್ತೆ ಅಮ್ಮಾ. ಮೇಲೆ ಐದು ಕಡಿಮೆಯಾಯಿತು ಗದಾ. ಮೇಲಿಂದ ಕಡಿಮೆಯಾದದ್ದು ಕೆಳಗೆ ಇಳಿಯಲೇಬೇಕು. ಟ್ಯಾಂಕಿನ ನೀರಿನ ಹಾಗೆ.”

ಕೋಣೆಯಲ್ಲಿ ಕರಕರ ಸದ್ದು ನಿಂತಿತು. ಯಾದಗಿರಿ ಸಾರ್ ನನ್ನ ಬೆನ್ನು ತಟ್ಟಿದರು.

“ರೀಗಾರು ಬೇಜಾರು ಮಾಡಿಕೊಳ್ಳುವವರಲ್ಲ. ಅವರೆಲ್ಲ ಕಡಿಮೆ ಮಾಡಿ ಅಂತ ಬಾಯಿಬಿಟ್ಟು ಕೇಳಿದರು, ಮಾಡಿದೆ. ನೀವು ಎರಡು ವರ್ಷದಲ್ಲಿ ಒಂದು ದಿನವಾದರೂ ಕೇಳಿದ್ದೀರಾ? ಕೇಳಿಲ್ಲ ಗದಾ.”

ಚಂದ್ರಿಕಾ ಅವರ ಬೆನ್ನ ಹಿಂದಿನಿಂದ, ಈಗ ಕೇಳಿ, ಕೇಳಿ ಎಂದು ಕಣ್ಣು ಬಾಯಿ ಹುಬ್ಬು ಎಲ್ಲ ಬಳಸಿ ಸನ್ನೆ ಮಾಡಿದಳು. ನಾನು ಗಂಟಲು ಸರಿಮಾಡಿಕೊಂಡೆ. ‘ಆಯ್ತು ಸಾರ್’ ಎಂದೆ. ಅವರು ಖಾಲಿ ತಟ್ಟೆ ತೆಗೆದುಕೊಂಡು ಸಂತೋಷವಾಗಿ ಇಳಿದುಹೋದರು.

ಆ ದಿನ ನಮ್ಮ ಮನೆಯಲ್ಲಿ ಯಾರೂ ಅಣಕಿಸಲಿಲ್ಲ. ಚಂದ್ರಿಕಾ ಕಾಗದದ ಮೇಲೆ ಬರೆದು ನೋಡಿದಳು. ನಾನೇ ಚೌಕಾಸಿ ಮಾಡಿ ಕಡಿಮೆ ಮಾಡಿಸಿದ ಮನೆಗೆ ಬರಲು ಯಾರೂ ಇಲ್ಲ, ಅದರ ಐದು ಸಾವಿರ ಕೊಡಲು ನಾನಿದ್ದೇನೆ. ಅವಳೇ ಕೆಳಗೆ ಹೋಗಿ ಮಾತಾಡಲಿ ಎಂದು ಸೂಚಿಸಿದೆ. ‘ಆಯ್ತು ಅಂದಿದ್ದು ನೀವು. ನೀವೇ ಬಿಡಿಸ್ಕೊಂಡ್ಬನ್ನಿ. ಕರ್ನಲ್ಲಿಗೆ ಇರೋ ಧೈರ್ಯ ಒಳಗೇ ಎಲ್ಲೋ ಇರತ್ತೆ, ಹುಡುಕಿ’ ಎಂದಳು. ಹುಡುಕಿದೆ. ಧೈರ್ಯ ಇತ್ತು, ಆದರೆ ಫೋನಿನಲ್ಲಿ ಮಾತ್ರ ಇತ್ತು. ಹಾಗಾಗಿ ಸೋಮವಾರ ಬೆಳಿಗ್ಗೆ, ಜೀವಮಾನದಲ್ಲೇ ಮೊದಲ ಸಲ, ಯಾರ ದನಿಯನ್ನೂ ಎರವಲು ಪಡೆಯದೆ ಆ ಲ್ಯಾಂಡ್‌ಲೈನಿಗೆ ಡಯಲ್ ಮಾಡಿದೆ. ಕಾಲಡಿಯಲ್ಲಿ ರಿಂಗಾಯಿತು. ಯಾರು ಎಂದರು. ‘ನಾನ್ರಿ ಸಾರ್, ಮೊದಲನೇ ಮಹಡಿಯವನು, ರೀಗಾರು’ ಎಂದೆ. ನಂತರ ನಿಲ್ಲದೆ ಮಾತಾಡಿದೆ. ಗಲ್ಲಿಯಲ್ಲಿ ಹದಿನೇಳು ಬೋರ್ಡು ಇದೆ, ಮಾರ್ಕೆಟ್ ಬಿದ್ದದ್ದನ್ನು ನೀವೇ ಒಪ್ಪಿದ್ದೀರಿ, ಮೇಲಿನದಕ್ಕೆ ಹದಿನೇಳಾದರೆ ನಮ್ಮದಕ್ಕೂ ಹದಿನೇಳೇ ನ್ಯಾಯ, ಹೆಚ್ಚಿಗೆ ಒಂದು ರೂಪಾಯಿಯೂ ಕೊಡುವುದಿಲ್ಲ ಎಂದೆ. ಎಷ್ಟು ಚೆನ್ನಾಗಿ ಬಂತೆಂದರೆ ಚಂದ್ರಿಕಾ ಒಲೆ ಆರಿಸಿ ಬಂದು ಪಕ್ಕದಲ್ಲಿ ನಿಂತಳು.

ಯಾದಗಿರಿ ಸಾರ್ ದನಿ ಫೋನಿನಿಂದಲೂ ನೆಲದಿಂದಲೂ ಒಟ್ಟಿಗೆ ಎದ್ದು ಬಂತು.

“ಯಾರಯ್ಯಾ ನೀನು? ನಮ್ಮ ರೀಗಾರಿನ ಹಾಗೆ ಮಾತಾಡಿ ನನ್ನ ಹತ್ತಿರ ಮಿಮಿಕ್ರಿ ಮಾಡ್ತೀಯಾ? ಅವರು ಬಂಗಾರದಂಥ ಮನುಷ್ಯ. ಬಾಡಿಗೆ ಕಡಿಮೆ ಮಾಡಿ ಅನ್ನೋ ಮಾತು ಅವರ ಬಾಯಲ್ಲಿ ಬರೋದೇ ಇಲ್ಲ. ಇಡು ಫೋನು.”

ಇಡು ಎಂದವರು ತಾವೇ ಇಟ್ಟರು. ನಮ್ಮ ನೆಲ ಸಣ್ಣಗೆ ಅದುರಿತು. ಚಂದ್ರಿಕಾ ಹೋಗಿ ಒಲೆ ಹಚ್ಚಿದಳು.

ಆಫೀಸಿಗೆಂದು ಇಳಿಯುವಾಗ ಅವರು ಮೆಟ್ಟಿಲ ಬುಡದಲ್ಲಿ ನನಗಾಗಿಯೇ ಕಾದಿದ್ದರು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ಯಾರೋ ಕಳ್ಳ ನಿಮ್ಮ ಹೆಸರು ಹೇಳಿಕೊಂಡು ಕಡಿಮೆ ಬಾಡಿಗೆ ಕೇಳುತ್ತಿದ್ದಾನೆ, ಹುಷಾರಾಗಿರಿ ಎಂದರು. ಜೊತೆಗೆ, ಅವನಿಗೆ ಅಣಕಿಸಲು ಬರುವುದೇ ಇಲ್ಲ, ನಿಮ್ಮ ದನಿ ಒಂದಿಷ್ಟೂ ಕೂರಲಿಲ್ಲ ಎಂದೂ ಸೇರಿಸಿದರು. ಇಷ್ಟು ವರ್ಷದ ಸಾಧನೆಯಲ್ಲಿ ಇಂಥ ಮಾತು ಕೇಳಿದ್ದು ಇದೇ ಮೊದಲು. ಕರ್ನಲ್ಲನ್ನು ನಂಬಿದ್ದರು, ನವಾಬರನ್ನು ನಂಬಿದ್ದರು, ಹೋಳಿಗೆ ಹೇಳಿಕೊಟ್ಟ ಕುಸುಮತಾಯಿಯನ್ನೂ ನಂಬಿದ್ದರು. ತಡೆದುಕೊಳ್ಳಲಾಗದೆ, ಎಲ್ಲಿ ತಪ್ಪಿತಂತೆ ಸಾರ್ ಎಂದು ಕೇಳಿಯೇಬಿಟ್ಟೆ.

“ನೀವು ಅಷ್ಟು ಧೈರ್ಯವಾಗಿ ಮಾತಾಡೋದಿಲ್ಲ ಗದಾ,” ಎಂದರು.

“ಹೌದು ಸಾರ್,” ಎಂದೆ. ಒಂದನೇ ತಾರೀಖಿನಿಂದ ಇಪ್ಪತ್ತೈದು ಕೊಡುತ್ತೇನೆ ಸಾರ್, ಏನೂ ಯೋಚನೆ ಮಾಡಬೇಡಿ ಎಂದೆ.

ಅವರ ಮುಖ ಅರಳಿತು. “ನೋಡಿ, ಇದು ನಮ್ಮ ರೀಗಾರಿನ ದನಿ,” ಎಂದರು.